ಮಸ್ಕತ್ತಿನ ಗೋಡೆಯ ಮೇಲೆ ಜಪಾನಿನ ಯುದ್ಧ

ಸೀಬ್

ನಾನು ಒಮಾನಿಗೆ ಹೋದದ್ದು ಮರಳು, ಒಂಟೆ ನೋಡಲಿಕ್ಕಲ್ಲ, ತಮ್ಮನ ಮನೆಗೆ ಉಪ್ಪುನೀರಿನ ಮಾವಿನಕಾಯಿ ಮುಟ್ಟಿಸಲಿಕ್ಕೆ ಎಂದು ನಮ್ಮ ಶಾಲೆಯ ಟೀಚರುಗಳು ಈಗಲೂ ಗೇಲಿ ಮಾಡುತ್ತಾರೆ. ಮಾಡಲಿ. ಸೀಬ್ ವಿಮಾನ ನಿಲ್ದಾಣದಲ್ಲಿ ಆ ಡಬ್ಬಿಯ ಮುಚ್ಚಳ ತೆಗೆಸಿದ ಕಸ್ಟಮ್ಸ್ ಅಧಿಕಾರಿಯ ಮುಖವನ್ನು ಅವರು ನೋಡಿಲ್ಲ. ಆತ ಒಮ್ಮೆ ಮೂಸಿದ, ಮೂಗು ಹಿಂದಕ್ಕೆಳೆದುಕೊಂಡ, ಪಕ್ಕದವನನ್ನು ಕರೆದ. ಅವನೂ ಮೂಸಿ "ಸಮಕ್?" ಎಂದ. ಮೀನೇ ಎಂದು ಕೇಳುತ್ತಿದ್ದಾನೆ ಅಂತ ಸಾಲಿನಲ್ಲಿದ್ದ ಕಾಸರಗೋಡಿನವರೊಬ್ಬರು ಅರ್ಥ ಹೇಳಿದರು. ಮೀನಲ್ಲ, ಮಾವಿನಕಾಯಿ ಎಂದು ನಾನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಕೊನೆಗೆ ಕೈಸನ್ನೆಯಲ್ಲೂ ಹೇಳಿದೆ. ನಂಬಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಮಾನವಿಡೀ ಡ್ರಾಯಿಂಗ್ ಕಲಿಸಿದವಳಿಗೆ ಸಿಟ್ಟು ಬೇಗ ಬರುತ್ತದೆ. ಒಂದು ಕಾಯಿ ತೆಗೆದು ಅವರ ಎದುರೇ ಕಚ್ಚಿದೆ. ಹುಳಿಯೂ ಉಪ್ಪೂ ಒಟ್ಟಿಗೇ ತಲೆಗೇರಿ ಕಣ್ಣಲ್ಲಿ ನೀರು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಖಲಾಸ್, ಯಲ್ಲಾ ಮದಾಮ್" ಎಂದು, ಅಂದರೆ ಆಯಿತು ಹೊರಡಿ ಎಂದು, ಡಬ್ಬಿ ಮುಚ್ಚಿ ಕಳಿಸಿಕೊಟ್ಟರು.

ಹೊರಗೆ ನನ್ನ ತಮ್ಮ ವಿನ್ಸೆಂಟ್ ಕಾಯುತ್ತಿದ್ದ. ಕುವೈತಿನ ಯುದ್ಧ ಮುಗಿದ ಮರುವರ್ಷ ಅದು. ಅವನ ಹೆಂಡತಿ ಗ್ರೇಸಿಯ ಅಣ್ಣ ಕುವೈತಿನಲ್ಲಿ ಇದ್ದದ್ದನ್ನೆಲ್ಲ ಬಿಟ್ಟು ಚಪ್ಪಲಿಯಲ್ಲಿ ಊರು ಸೇರಿದ್ದ. ಹಾಗಾಗಿ ನಾನು ಹೊರಟಾಗ ಊರಲ್ಲಿ ಎಲ್ಲರೂ, ಯುದ್ಧದ ಕಡೆಗೆ ಯಾರಾದರೂ ಸುತ್ತಾಡಲು ಹೋಗುತ್ತಾರಾ ಎಂದಿದ್ದರು. ಒಮಾನಿನಲ್ಲಿ ಯುದ್ಧ ಎಲ್ಲಿತ್ತು? ಎಲ್ಲಿ ನೋಡಿದರೂ ಗುಡಿಸಿಟ್ಟ ರಸ್ತೆ, ನೀರು ಹಾಕಿ ಸಾಕಿದ ಹೂವು. ನಾನು ಯುದ್ಧ ನೋಡಿದ್ದು ತಮ್ಮನ ಮನೆಯ ಹಾಲಿನಲ್ಲೇ.

ಅಲ್ ಗುಬ್ರಾ

ವಿನ್ಸೆಂಟನ ಫ್ಲ್ಯಾಟಿನ ಹತ್ತಿರವೇ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ. ನಮ್ಮ ಕಡೆ ಆಕಾಶ ಪುಕ್ಕಟೆ ಸುರಿಯುವುದನ್ನು ಇಲ್ಲಿ ಕಡಲನ್ನೇ ಬೇಯಿಸಿ ತೆಗೆಯುತ್ತಾರೆ. ನಲ್ಲಿ ತಿರುಗಿಸಿದಾಗಲೆಲ್ಲ ನನಗೆ ಪಾಪಪ್ರಜ್ಞೆ.

ಇಲ್ಲಿ ಯಾರೂ ನಡೆಯುವುದಿಲ್ಲ. ಮೊದಲ ದಿನ ಕೊತ್ತಂಬರಿ ಸೊಪ್ಪು ತರಲು ಮೂಲೆಯ ಅಂಗಡಿಗೆ ನಡೆದು ಹೊರಟರೆ ಕಾರುಗಳು ಒಂದಾದ ಮೇಲೊಂದು ಪಕ್ಕದಲ್ಲಿ ನಿಂತವು. ಗಾಡಿ ಕೆಟ್ಟಿದೆಯಾ, ಮನೆಯವರು ಬಿಟ್ಟು ಹೋದರಾ ಎಂದು ವಿಚಾರಣೆ. ಕೊನೆಗೆ ಉಡುಪಿಯ ಕಡೆಯವರೊಬ್ಬರು ಒತ್ತಾಯದಿಂದ ಹತ್ತಿಸಿಕೊಂಡು, ನಾನು ಹೊರಟಿದ್ದ ಅಂಗಡಿಯನ್ನು ದಾಟಿ ನನ್ನನ್ನು ಮನೆಗೇ ತಂದು ಬಿಟ್ಟರು. ಸೊಪ್ಪು ಬರಲಿಲ್ಲ.

ತಮ್ಮನ ಮಗಳು ಶರ್ಲಿ ಇಂಡಿಯನ್ ಸ್ಕೂಲಿನಲ್ಲಿ ಓದುತ್ತಾಳೆ. ಅವಳ ಅರಬಿ ಪಾಠಪುಸ್ತಕದಲ್ಲಿ ಒಂದು ಚಿತ್ರಕಥೆ ಇತ್ತು. ಅಕ್ಷರ ಬರದಿದ್ದರೂ ಚಿತ್ರ ಬರುತ್ತದಲ್ಲ ಎಂದು ನಾನು ಜಂಬದಿಂದ ಓದಿ ಹೇಳಿದೆ: ಮುದುಕನೊಬ್ಬ ಖರ್ಜೂರ ತಿಂದ, ಮರ ದಿನದಿಂದ ದಿನಕ್ಕೆ ಗಿಡ್ಡವಾಯಿತು, ಕೊನೆಗೆ ಅವನು ಯುವಕನಾಗಿ ಅದನ್ನು ಮಣ್ಣಿನಲ್ಲಿ ಹೂತ. ಶರ್ಲಿ ಬಿದ್ದು ಬಿದ್ದು ನಕ್ಕಳು. "ಆಂಟಿ, ಯು ಆರ್ ಗೋಯಿಂಗ್ ಬ್ಯಾಕ್‌ವರ್ಡ್ಸ್! ಇಲ್ಲಿ ರೈಟ್‌ನಿಂದ ಸ್ಟಾರ್ಟ್ ಮಾಡ್ಬೇಕು." ನಾಲ್ಕು ದಿನದಲ್ಲಿ ಈ ಪಾಠ ಇಷ್ಟು ದುಬಾರಿಯಾಗಿ ಮತ್ತೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಆ ಕಟ್ಟಡದ ಮೆಟ್ಟಿಲುಗಳ ಮೇಲೆ ಉಪ್ಪಿನಕಾಯಿಯ ಓಡಾಟ ಇತ್ತು. ಎದುರಿನ ಫ್ಲ್ಯಾಟಿನಲ್ಲಿ ಹರುಕೊ ಎಂಬ ಜಪಾನಿ ಹೆಂಗಸು, ಮೇಲಿನ ಮಹಡಿಯಲ್ಲಿ ಸುನ್ ಹೀ ಎಂಬ ಕೊರಿಯಾದವರು. ಇಬ್ಬರ ಗಂಡಂದಿರೂ ಆ ನೀರಿನ ಸ್ಥಾವರದಲ್ಲಿ ಎಂಜಿನಿಯರುಗಳು. ಹರುಕೊ ಮೂಲಂಗಿಯ ಉಪ್ಪಿನಕಾಯಿ ಮಾಡುತ್ತಿದ್ದರು, ಸುನ್ ಹೀ ಎಲೆಕೋಸನ್ನು ಹುಳಿ ಬರಿಸುತ್ತಿದ್ದರು. ಕೊರಿಯಾದವರು ಇದಕ್ಕೆ ಕೆಂಪಗೆ ಮೆಣಸು ತುಂಬುತ್ತಾರಂತೆ, ಆದರೆ ಸುನ್ ಹೀಯದು ಬೆಳ್ಳಗೆ, ನೀರು ನೀರು. "ನಮ್ಮಪ್ಪನ ಊರಿನ ರೀತಿ" ಎನ್ನುತ್ತಿದ್ದರು. ಆ ಊರು ಪ್ಯೊಂಗ್ಯಾಂಗ್. ಕೊರಿಯಾ ಎರಡು ಹೋಳಾದಾಗ ಅಲ್ಲಿಂದ ದಕ್ಷಿಣಕ್ಕೆ ಓಡಿ ಬಂದ ಅವರಪ್ಪನಿಗೆ ಸಾಯುವ ತನಕ ಹಿಂದಿರುಗಲಾಗಲಿಲ್ಲ. ಗ್ರೇಸಿಯ ಸ್ಟೀಲ್ ಡಬ್ಬಿಗಳು ಈ ಮೂರು ಮನೆಗಳ ನಡುವೆ ಸುತ್ತುತ್ತಿದ್ದವು, ಖಾಲಿ ಹಿಂದೆ ಬರುತ್ತಿರಲಿಲ್ಲ. ನನ್ನ ಮಾವಿನಕಾಯಿಗೂ ಕೂಡಲೇ ಸದಸ್ಯತ್ವ ಸಿಕ್ಕಿತು.

"ನನ್ನದು ಸರಿಯಾಗುವುದಿಲ್ಲ" ಎಂದು ಹರುಕೊ ಹೇಳುತ್ತಿದ್ದರು. ಅವರ ಇಂಗ್ಲಿಷ್ ನನ್ನದರಷ್ಟೇ ಬಡವಾದ್ದರಿಂದ ನಮಗಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. "ಇದು ಪ್ಲಾಸ್ಟಿಕ್ ಡಬ್ಬಿ. ನಮ್ಮ ಮನೆಯಲ್ಲಿ ಮರದ ಬಾನಿ ಇತ್ತು, ಮೇಲೆ ಹೊಳೆಯ ಕಲ್ಲು. ಸುತ್ತಲಿನ ಬಿದಿರಿನ ಪಟ್ಟಿ ಒಂದು ಕಿತ್ತುಹೋಗಿತ್ತು, ಅಜ್ಜಿ ಅಲ್ಲಿ ಹಗ್ಗ ಕಟ್ಟಿದ್ದರು. ಹಗ್ಗ ಕೊಳೆತ ಹಾಗೆ ಹೊಸ ಹಗ್ಗ. ಬಾನಿ ಮಾತ್ರ ಅಜ್ಜಿಯ ಅತ್ತೆಯ ಕಾಲದ್ದು." ಎರಡನೇ ಮಹಾಯುದ್ಧದ ಕೊನೆಗೆ ವಿಮಾನಗಳು ಬೆಂಕಿ ಸುರಿದಾಗ ಮನೆಯ ಜೊತೆ ಬಾನಿಯೂ ಸುಟ್ಟುಹೋಯಿತಂತೆ. ನಮ್ಮಮ್ಮನೂ ಭರಣಿಯ ಮೇಲೆ ಕಲ್ಲು ಹೇರುತ್ತಿದ್ದಳು ಎಂದೆ. ಆ ದಿನದಿಂದ ಅವರಿಗೆ ನಾನು ಅಕ್ಕನಾದೆ.

ಎದುರು ಮನೆ

ನಾನು ಬೆಂಡೆಕಾಯಿ, ಹಳೆಯ ಚಪ್ಪಲಿಯ ರಬ್ಬರು ಕೊರೆದು ಮಕ್ಕಳಿಗೆ ಅಚ್ಚು ಹಾಕಲು ಕಲಿಸುತ್ತಿದ್ದ ಸಂಗತಿ ಶರ್ಲಿಯ ಬಾಯಿಂದ ಹರುಕೊಗೆ ಮುಟ್ಟಿತು. ಮರುದಿನವೇ ನನ್ನನ್ನು ಕರೆಸಿದರು. ಒಂದು ವಾರದಲ್ಲಿ ಅವರು ಜಪಾನಿಗೆ ಮರಳುವವರಿದ್ದರು. ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ಒಂದು ಉದ್ದ ಕೊಳವೆಯಿಂದ ಮೂರು ಹಾಳೆ ತೆಗೆದು ನೆಲದ ಮೇಲೆ ಪಕ್ಕಪಕ್ಕ ಹಾಸಿದರು.

ಜಪಾನಿನ ಮರದಚ್ಚಿನ ಚಿತ್ರ ಎಂದರೆ ನಾನು ಪುಸ್ತಕಗಳಲ್ಲಿ ಕಂಡದ್ದು ಅಲೆ, ಮಳೆ, ಸೇತುವೆ, ಕೊಡೆ ಹಿಡಿದ ಹೆಂಗಸರು. ಇಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕೆಂಪು. ನಡುವಿನ ಹಾಳೆಯಲ್ಲಿ ದಾಸವಾಳ ಅರಳಿದಂತೆ ಒಂದು ಗುಂಡು ಸಿಡಿದಿತ್ತು. ಬಲಗಡೆಯ ಹಾಳೆಯಲ್ಲಿ ಕಪ್ಪು ಸಮವಸ್ತ್ರದ ಜಪಾನಿ ಸೈನಿಕರು, ಮುಂದೆ ಕತ್ತಿ ಎತ್ತಿದ ಅಧಿಕಾರಿ, ಎಲ್ಲರೂ ಎಡಕ್ಕೆ ನುಗ್ಗುತ್ತಿದ್ದಾರೆ. ಎಡಗಡೆಯ ಹಾಳೆಯಲ್ಲಿ ನೀಲಿ, ಹಳದಿ ನಿಲುವಂಗಿಯ ಚೀನೀ ಸೈನಿಕರು ಬೀಳುತ್ತಾ ಏಳುತ್ತಾ ಓಡುತ್ತಿದ್ದಾರೆ. ಅದರ ಬಲಗಡೆಯ ಕೆಳಮೂಲೆಯಲ್ಲಿ ಹುಲ್ಲಿನ ಮಾಡಿನ ಒಂದು ಮನೆ ಹೊತ್ತಿ ಉರಿಯುತ್ತಿತ್ತು. ನನ್ನ ಟೀಚರ್ ಕಣ್ಣು ಒಂದನ್ನು ಗಮನಿಸಿತು. ಗೆದ್ದವರಿಗೆಲ್ಲ ಒಂದೊಂದು ಮುಖ, ಸೋತವರಿಗೆಲ್ಲ ಒಂದೇ ಮುಖ, ಅದೂ ಬಾಯಿ ತೆರೆದ ಮಂಗನ ಮುಖ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಪಾನೂ ಚೀನಾವೂ ಕೊರಿಯಾಕ್ಕಾಗಿ, ಕೊರಿಯಾದ ನೆಲದಲ್ಲೇ ಬಡಿದಾಡಿದಾಗ ಮಾಡಿದ ಚಿತ್ರ ಇದು. ಆ ಕಾಲದ ಪತ್ರಿಕೆ, ಸಿನಿಮಾ, ಘೋಷಣೆ ಎಲ್ಲ ಇದೇ ಎಂದು ಹರುಕೊ ವಿವರಿಸಿದರು. ಬರೆದ ಕಲಾವಿದ ಟೋಕಿಯೊ ಬಿಟ್ಟು ಕದಲಿರಲಿಲ್ಲ. ತಂತಿಯಲ್ಲಿ ಸುದ್ದಿ ಬರುತ್ತಿತ್ತು, ಅವನು ಗೆಲುವನ್ನು ಊಹಿಸಿಕೊಂಡು ಬರೆಯುತ್ತಿದ್ದ, ಕೆತ್ತುವವರು ಮರದ ಹಲಗೆಗಳನ್ನು ಹಂಚಿಕೊಂಡು ಕೆತ್ತುತ್ತಿದ್ದರು. ಅಂಗಡಿಯ ಮುಂದೆ ತೂಗುಹಾಕಿದರೆ ಜನ ಮೈಮೇಲೆ ಬಿದ್ದು ಕೊಳ್ಳುತ್ತಿದ್ದರು. ಮನೆಯಲ್ಲಿ ಮಕ್ಕಳು ಅದನ್ನು ನೋಡಿ ಕತ್ತಿ ಆಟ ಆಡುತ್ತಿದ್ದರು.

"ಮುಖ, ಕೂದಲು ಕೆತ್ತುವುದು ದೊಡ್ಡ ಕೆತ್ತನೆಗಾರ. ಉಳಿದದ್ದು ಕೆಳಗಿನವರಿಗೆ. ನನ್ನ ಅಜ್ಜ ಆಗ ಕೆಳಗಿನವರು. ಹೊಗೆ, ಮನೆ, ಅಂಗಳ ಅವರ ಪಾಲಿಗೆ ಬಂತು. ಕಲಾವಿದನಿಗೆ ಅವಸರ, ಮೂಲೆಗಳಲ್ಲಿ ಏನಾದರೂ ತುಂಬಿಕೊಳ್ಳಿ ಎಂದು ಬಿಡುತ್ತಿದ್ದ." ಹರುಕೊ ಹೊಗೆಯ ಮೇಲೆ ಬೆರಳು ಆಡಿಸಿದರು, ಮುಟ್ಟಲಿಲ್ಲ. ಕೂದಲೆಳೆಯಂಥ ಗೆರೆಗಳು ಸುತ್ತಿಕೊಂಡು ಮೇಲೇರುತ್ತಿದ್ದವು. ನಾನು ರಬ್ಬರಿನಲ್ಲಿ ಅಂಥದೊಂದು ಗೆರೆ ಉಳಿಸಲು ಹೋಗಿ ಎಷ್ಟು ಸಲ ಬೆರಳು ಕೊಯ್ದುಕೊಂಡಿದ್ದೇನೆ.

"ಚೆಂದ ಇದೆ" ಎಂದೆ.

"ಹೌದು. ಚೆಂದ ಇದೆ ಅಂತಲೇ ನನಗೆ ನಾಚಿಕೆ. ಇದನ್ನು ಯಾವ ಗೋಡೆಗೂ ಹಾಕಿಲ್ಲ. ಅಜ್ಜನ ಕೈಯ ಗುರುತು ನನ್ನ ಬಳಿ ಇರುವುದು ಇದೊಂದೇ. ಮೇಲೆ ಸುನ್ ಹೀ ಇದ್ದಾಳೆ. ನಾನು ಆಸ್ಪತ್ರೆಯಲ್ಲಿದ್ದಾಗ ತಿಂಗಳುಗಟ್ಟಲೆ ನನಗೆ ಗಂಜಿ ತಂದವಳು. ಇದು ಅವಳಪ್ಪನ ಊರು."

ಎರಡು ದಿನ ಇಟ್ಟುಕೊಂಡು ಕೆತ್ತನೆ ನೋಡಿ ಎಂದು ಅವರೇ ಕೊಳವೆಯನ್ನು ನನ್ನ ಕೈಗಿತ್ತರು. ನಾನು ಅದನ್ನು ನನ್ನ ಸೂಟ್‌ಕೇಸಿನ ಮೇಲೆ ಇಟ್ಟೆ.

ನಿಝ್ವಾ

ಗುರುವಾರ ವಿನ್ಸೆಂಟ್ ನನ್ನನ್ನೂ ಶರ್ಲಿಯನ್ನೂ ನಿಝ್ವಾದ ಕೋಟೆಗೆ ಕರೆದೊಯ್ದ. ಕೆಲಸ ಉಂಟು ಎಂದು ಗ್ರೇಸಿ ಬರಲಿಲ್ಲ. ಬೋಳು ಬೆಟ್ಟ, ನಡುವೆ ಹಸಿರು ಖರ್ಜೂರದ ತೋಟ, ತೋಟದ ಮಧ್ಯೆ ಮಣ್ಣುಬಣ್ಣದ ಗುಂಡು ಕೋಟೆ. ಕಾವಲಿನ ಮುದುಕ ಬಾಗಿಲುಗಳ ಮೇಲಿನ ರಂಧ್ರಗಳನ್ನು ತೋರಿಸಿ, ಶತ್ರು ಬಂದರೆ ಇಲ್ಲಿಂದ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದೆವು ಎಂದು ನಗುತ್ತಾ ವಿವರಿಸಿದ. ಆಮೇಲೆ ಅದೇ ಪಾಕವನ್ನು ರೊಟ್ಟಿಗೆ ಹಚ್ಚಿ ನಮಗೆ ತಿನ್ನಲು ಕೊಟ್ಟ. ರುಚಿಯಾಗಿತ್ತು. ಆದರೆ ತಿನ್ನುವಾಗ ಆ ರಂಧ್ರದ ಕೆಳಗೆ ನಿಂತಿದ್ದವನ ನೆನಪಾಗಿ ಗಂಟಲಲ್ಲಿ ಸಿಕ್ಕಿಕೊಂಡಿತು.

"ಇಷ್ಟೆಲ್ಲ ಆಲೋಚನೆ ಮಾಡಿದ್ರೆ ಊಟ ಸೇರ್ಲಿಕ್ಕುಂಟಾ ಬಾಯಿ?" ಎಂದ ವಿನ್ಸೆಂಟ್. ನಮ್ಮ ಕೊಂಕಣಿಯವರು ಟೀಚರನ್ನು ಬಾಯಿ ಎನ್ನುವುದು, ಟೀಚರಾದ ಮೇಲೆ ಅವನಿಗೂ ನಾನು ಬಾಯಿಯೇ.

ಶುಕ್ರವಾರದ ಊಟ

ಗ್ರೇಸಿಯ ಕೆಲಸ ಏನೆಂದು ಶುಕ್ರವಾರ ಮಧ್ಯಾಹ್ನ ತಿಳಿಯಿತು. ನಾನು ಮಿಂದು ಹಾಲಿಗೆ ಬಂದರೆ ಯೇಸುವಿನ ಪಟದ ಪಕ್ಕ, ಸೋಫಾದ ಮೇಲೆ, ಚಿನ್ನದ ಬಣ್ಣದ ಉದ್ದ ಫ್ರೇಮಿನಲ್ಲಿ ಯುದ್ಧ ನೇತಾಡುತ್ತಿತ್ತು.

"ನಿಮ್ಮ ಸೂಟ್‌ಕೇಸಿನ ಮೇಲೆ ಇತ್ತಲ್ಲ ಅವ್ರ ಚಿತ್ರ, ಮತ್ರಾ ಪೇಟೆಯಲ್ಲಿ ಕಟ್ಟಿಸಿದ್ದು ಬಾಯಿ! ಹರುಕೊಗೆ ಸರ್‌ಪ್ರೈಸ್. ಹೋಗುವ ಮೊದ್ಲು ನಮ್ಮ ನೆನಪಿಗೆ ಎಂತಾದ್ರೂ ಕೊಡ್ಬೇಕಲ್ಲ. ಕುದುರೆ, ಬಾವುಟ ಎಲ್ಲ ಉಂಟು, ಅವರ ಕಡೆಯ ರಾಜರ ಕತೆ ಇರ್ಬೇಕು. ಸುನ್ ಹೀಯನ್ನೂ ಕರ್ದಿದ್ದೇನೆ. ಇಬ್ರೂ ಆ ಬದಿಯವ್ರೇ ಅಲ್ವಾ, ಅವ್ರಿಗೂ ಖುಷಿ ಆಗ್ತದೆ."

ಇಬ್ಬರೂ ಆ ಬದಿಯವರು! ಗಲ್ಫಿನಲ್ಲಿ ನಮ್ಮನ್ನು, ಪಂಜಾಬಿಯನ್ನು, ಮಲಯಾಳಿಯನ್ನು ಒಂದೇ ಹೆಸರಿನಿಂದ ಕರೆದರೆ ಮೂಗು ಮುರಿಯುವ ನಾವೇ ಈ ಮಾತು ಆಡುವುದು. "ಗ್ರೇಸಿ, ತೆಗಿ ಮಾರಾಯ್ತಿ, ಈಗಲೇ ತೆಗಿ" ಎಂದು ನಾನು ಸ್ಟೂಲು ಎಳೆಯುವಷ್ಟರಲ್ಲಿ ಬೆಲ್ಲಾಯಿತು. ಇಬ್ಬರೂ ಮೆಟ್ಟಿಲಲ್ಲಿ ಭೇಟಿಯಾಗಿ ಒಟ್ಟಿಗೇ ನಗುತ್ತಾ ಬಂದಿದ್ದರು.

ಹರುಕೊ ನೋಡಿದರು. ಮುಖದ ರಕ್ತ ಇಳಿಯುವುದು ಎಂದರೆ ಏನೆಂದು ಅಂದು ಕಂಡೆ. ಸುನ್ ಹೀ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ಕಣ್ಣು ಕಿರಿದು ಮಾಡಿ ದೂರದಿಂದಲೇ ನೋಡುತ್ತಾ, "ಇವರೆಲ್ಲ ಯಾಕೆ ಒಂದೇ ಕಡೆಗೆ ಓಡುತ್ತಿದ್ದಾರೆ?" ಎಂದು ಕೇಳಿದರು.

ಆಗ ನಾನು ಸರಿಯಾಗಿ ನೋಡಿದೆ. ಹಾಳೆಗಳು ಅದಲು ಬದಲಾಗಿದ್ದವು. ಹಾಳೆಗಳ ಬೆನ್ನಿಗೆ ಒಂದು ಗೀರು, ಎರಡು ಗೀರು, ಮೂರು ಗೀರು ಹಾಕಿ ಕ್ರಮ ಗುರುತಿಸಿದ್ದನ್ನು ನಾನು ಮೊದಲೇ ನೋಡಿದ್ದೆ. ಜಪಾನೀಯರು ಬಲಗಡೆಯಿಂದ ಎಣಿಸುತ್ತಾರೆ. ಮತ್ರಾದಲ್ಲಿ ಫ್ರೇಮು ಕಟ್ಟಿದ ನಮ್ಮ ದೇಶದ ಕಚ್ಛಿ ಸೇಠ್ ಎಡಗಡೆಯಿಂದ ಎಣಿಸಿದ್ದ. ಈಗ ಕತ್ತಿ ಎತ್ತಿದ ಅಧಿಕಾರಿ ಎಡತುದಿಯಲ್ಲಿ ಚೌಕಟ್ಟಿನಿಂದಲೇ ಹೊರಗೆ ಓಡುತ್ತಿದ್ದ. ಅವನ ಹಿಂದೆ ಸಿಡಿದ ಗುಂಡು. ಅದರ ಹಿಂದೆ ಚೀನೀಯರು, ಕೊನೆಗೆ ಉರಿಯುವ ಮನೆ. ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ, ಎಲ್ಲರೂ ಒಂದೇ ಬೆಂಕಿಗೆ ಹೆದರಿ ಓಡುತ್ತಿದ್ದರು.

"ಯಲ್ಲಾ ಯಲ್ಲಾ ಅಂತ ಓಡ್ತಿದ್ದಾರೆ" ಎಂದು ವಿನ್ಸೆಂಟ್ ನಕ್ಕ. ಹರುಕೊ ಕೂಡ ನಕ್ಕುಬಿಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಗಲಿ ದೇವರೇ ಎಂದು ನಾನು ಬೇಡಿಕೊಂಡೆ. ಎರಡು ದಿನ ಕಳೆದರೆ ವಿಮಾನ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಇದು ಹೀಗಲ್ಲ" ಎಂದರು ಹರುಕೊ. ವಿನ್ಸೆಂಟನಿಂದ ಸ್ಕ್ರೂಡ್ರೈವರ್ ಕೇಳಿ ಪಡೆದು, ಫ್ರೇಮನ್ನು ಊಟದ ಮೇಜಿನ ಮೇಲೆ ಮಗುಚಿ, ಹಾಳೆಗಳನ್ನು ತೆಗೆದು ಸರಿಯಾದ ಕ್ರಮದಲ್ಲಿ ಜೋಡಿಸಿದರು. "ಹೀಗೆ. ನಾವು ಗೆದ್ದದ್ದು. ನನ್ನ ಅಜ್ಜ ಕೆತ್ತಿದ್ದು."

ಸುನ್ ಹೀ ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ಮೇಲಿನ ಬರಹ ಓದಿದರು. ಹಳೆಯ ಚೀನೀ ಅಕ್ಷರಗಳು ಅವರ ಪೀಳಿಗೆಯವರಿಗೆ ಬರುತ್ತಿದ್ದವು. "ಪ್ಯೊಂಗ್ಯಾಂಗ್" ಎಂದರು. ಆಮೇಲೆ ಎಡಗಡೆಯ ಹಾಳೆಯ ಮನೆಯನ್ನು ನೋಡಿದರು. ಬಹಳ ಹೊತ್ತು ಅದನ್ನೇ ನೋಡಿದರು. ಗ್ರೇಸಿಗೆ ತಲೆಬಾಗಿಸಿ, ಕ್ಷಮಿಸಿ ತಲೆನೋವು ಎಂದು ಹೇಳಿ ಮೇಲೆ ಹೋದರು. ಹರುಕೊ ಕಡೆ ತಿರುಗಲಿಲ್ಲ.

ಪೋರ್ಕ್, ಇಡ್ಲಿಯಂಥ ಸಣ್ಣ, ಕೋಳಿಸಾರು ಎಲ್ಲ ತಣ್ಣಗಾಯಿತು. ಚಿತ್ರವನ್ನೇ ನೋಡುತ್ತಿದ್ದ ಶರ್ಲಿ ಮೆಲ್ಲಗೆ, "ಲಾಸ್ಟ್ ಇಯರ್ ಟೀವಿಯಲ್ಲಿ ಹೀಗೇ ಇತ್ತಲ್ಲ ಮಮ್ಮಿ, ಲೈಟ್ಸ್ ಎಲ್ಲ? ನಾನು ಫೈರ್‌ವರ್ಕ್ಸ್ ಅಂದಿದ್ದೆ" ಎಂದಳು. ಆಗ ಅದೇ ಟೀವಿಯ ಮುಂದೆ ಅಣ್ಣನಿಗಾಗಿ ಜಪಮಾಲೆ ಹಿಡಿದು ಕೂತಿದ್ದ ಗ್ರೇಸಿ ಈಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನನ್ನಿಂದಲೇ ಆಯ್ತು. ಎಂತ ಮಾಡುದು ಈಗ?"

"ನಿಮ್ಮಿಂದ ಅಲ್ಲ" ಎಂದರು ಹರುಕೊ. "ಸುಳ್ಳನ್ನು ಗೋಡೆಯ ಮೇಲೆ ಬಿಟ್ಟು ನಾನು ಹೋಗಲಾರೆ." ಹೇಳುತ್ತಾ ಅತ್ತುಬಿಟ್ಟರು.

ಮತ್ರಾ

ಮರುದಿನ ಆ ಸೇಠನನ್ನು ತರಾಟೆಗೆ ತೆಗೆದುಕೊಳ್ಳಲೆಂದೇ ಮತ್ರಾಕ್ಕೆ ಹೋದೆ. ಧೂಪದ ಹೊಗೆ, ಕತ್ತಲೆ ಓಣಿ, ತಾತನ ಕಾಲದಿಂದ ಅಲ್ಲೇ ಬೇರುಬಿಟ್ಟ ಅಂಗಡಿ. "ಬೆಹೆನ್‌ಜಿ, ಒಂದು ಎರಡು ಮೂರು ಇಟ್ಟಿದ್ದೇನೆ, ತಪ್ಪೇನು?" ಎಂದು ಅವನು ಹಿಂದಿಯಲ್ಲಿ ನನ್ನನ್ನೇ ಕೇಳಿದ. ಪಕ್ಕದ ಅಂಗಡಿಯ ಒಮಾನಿ ಯಜಮಾನ ಸಂಗತಿ ತಿಳಿದು, ನನಗೆ ಕೊಟ್ಟಿದ್ದರೆ ಸರಿಯಾಗುತ್ತಿತ್ತು, ನಾವು ಎಲ್ಲವನ್ನೂ ಬಲಗಡೆಯಿಂದಲೇ ಶುರುಮಾಡುವವರು ಎಂದು ಕಾಫಿ ಬಗ್ಗಿಸಿ ಕೊಟ್ಟ. ಜಗಳ ಆಡಲಾಗಲಿಲ್ಲ. ಸರಿಯಾಗಿದ್ದರೆ ಸರಿಹೋಗುತ್ತಿತ್ತೇ ಎಂಬುದೂ ನನಗೆ ಗೊತ್ತಿರಲಿಲ್ಲ.

ಎದುರು ಮನೆ, ಮತ್ತೆ

ಹರುಕೊ ಹೊರಡುವ ಹಿಂದಿನ ಸಂಜೆ ನಾನೂ ಗ್ರೇಸಿಯೂ ಅವರ ಪೆಟ್ಟಿಗೆ ಕಟ್ಟಲು ನೆರವಾಗುತ್ತಿದ್ದೆವು. ತೆರೆದ ಬಾಗಿಲಲ್ಲಿ ಸುನ್ ಹೀ ಬಂದು ನಿಂತರು. ಕನ್ನಡಕ ಹಾಕಿಕೊಂಡಿದ್ದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು.

"ಅದನ್ನು ತೆಗಿ. ಇನ್ನೊಮ್ಮೆ ನೋಡಬೇಕು."

ಹರುಕೊ ಹಾಳೆಗಳನ್ನು ಹಾಸಿದರು. ಸುನ್ ಹೀ ನೆಲದ ಮೇಲೆ ಕೂತರು. "ಅವತ್ತು ನಾನು ಉರಿಯುವ ಮನೆ ಮಾತ್ರ ನೋಡಿದೆ. ಇದೇ ನನ್ನ ಅಪ್ಪನ ಮನೆ ಅಂದುಕೊಂಡೆ. ನಿನ್ನ ಮುಖ ನೋಡುವುದಿಲ್ಲ ಅಂದುಕೊಂಡೆ. ಆದರೆ ಅಂಗಳದಲ್ಲಿ ಏನೋ ಸರಿಯಿಲ್ಲ, ಸರಿಯಿಲ್ಲ ಅಂತ ಮನಸ್ಸು ಹೇಳುತ್ತಲೇ ಇತ್ತು." ಅವರು ಹೊತ್ತಿದ ಮನೆಯ ಮುಂದೆ ಬೆರಳಿಟ್ಟರು. "ಇದೇನು?"

ನಾವು ಯಾರೂ ಅಷ್ಟು ಸಣ್ಣದನ್ನು ಗಮನಿಸಿರಲಿಲ್ಲ. ಅಂಗಳದಲ್ಲಿ ಒಂದು ಮರದ ಬಾನಿ, ಮೇಲೆ ಒಂದು ಕಲ್ಲು.

"ನಮ್ಮ ಅಂಗಳದಲ್ಲಿ ಇರುವುದು ಮಣ್ಣಿನ ಭರಣಿ. ದಪ್ಪ ಹೊಟ್ಟೆಯ ಕಂದು ಭರಣಿ. ಮರದ ಬಾನಿಯಲ್ಲಿ ಎಲೆಕೋಸು ಹಾಕುವ ಹುಚ್ಚರು ಇಡೀ ಪ್ಯೊಂಗ್ಯಾಂಗಿನಲ್ಲಿ ಇಲ್ಲ! ನಿನ್ನ ಅಜ್ಜನಿಗೆ ಏನೂ ಗೊತ್ತಿರಲಿಲ್ಲ."

"ಅವರು ಕೊರಿಯಾ ನೋಡಿರಲಿಲ್ಲ" ಎನ್ನುತ್ತಾ ಹರುಕೊ ಬಗ್ಗಿದರು. ಬಗ್ಗಿದವರು ಅಲ್ಲೇ ಉಳಿದರು. ಬಾನಿಯ ಸುತ್ತ ಮೇಲೆ ಬಿದಿರಿನ ಪಟ್ಟಿ, ಕೆಳಗೆ ಬಿದಿರಿನ ಪಟ್ಟಿ. ನಡುವೆ ಪಟ್ಟಿ ಇರಲಿಲ್ಲ. ಹೊಸೆದ ಹಗ್ಗ ಇತ್ತು. ಒಂದೊಂದು ಎಳೆಯನ್ನೂ ಬಿಡಿಸಿ ಕೆತ್ತಿ, ಮುಂದೆ ಒಂದು ಗಂಟು ಹಾಕಿದ್ದರು.

ಹರುಕೊ ಬಾಯಿಗೆ ಕೈ ಅಡ್ಡ ಹಿಡಿದರು. "ಇದು ನಮ್ಮದು. ಇದು ನಮ್ಮ ಮನೆಯ ಬಾನಿ."

ಗ್ರೇಸಿ ನನ್ನ ತೋಳು ಹಿಡಿದುಕೊಂಡಳು. ಆ ಕೆತ್ತನೆಗಾರನಿಗೆ ಶತ್ರುವಿನ ಊರಿನ ಅಂಗಳ ಹೇಗಿರುತ್ತದೆಂದು ತಿಳಿದಿರಲಿಲ್ಲ. ಮನೆಯ ಅಂಗಳ ಎಂದಕೂಡಲೇ ಕೈ ತನ್ನ ಅಮ್ಮನ ಬಾನಿಯನ್ನೇ ಕೆತ್ತಿತ್ತು, ಬೆಂಕಿಯನ್ನೂ ಅದರ ಬೆನ್ನಿಗೇ ಕೆತ್ತಿತ್ತು. ಐವತ್ತು ವರ್ಷದ ಮೇಲೆ ಆ ಬೆಂಕಿ ಹುಡುಕಿಕೊಂಡು ಬಂದು ಅದೇ ಬಾನಿಯನ್ನು ಸುಟ್ಟಿತು.

ಸುನ್ ಹೀ ಕ್ಷಮಿಸಿದೆ ಎನ್ನಲಿಲ್ಲ. ಕಂಕುಳಿನ ಬಟ್ಟೆ ಬಿಚ್ಚಿದರು. ದಪ್ಪ ಹೊಟ್ಟೆಯ ಒಂದು ಪುಟ್ಟ ಕಂದು ಭರಣಿ, ಮುಚ್ಚಳದ ಸಂದಿಯಿಂದ ಹುಳಿ ವಾಸನೆ. ಅದನ್ನು ಹರುಕೊ ಮಡಿಲಲ್ಲಿಟ್ಟು, "ಭರಣಿ ಅಂದರೆ ಇದು. ನಿನ್ನ ಅಜ್ಜನಿಗೆ ಗೊ‌ತ್ತಿರಲಿಲ್ಲ. ನಿನ್ನ ಮೊಮ್ಮಕ್ಕಳಿಗಾದರೂ ಗೊತ್ತಿರಲಿ" ಎಂದು ಗದರಿದರು. ಗದರುವಾಗ ಅವರ ಕೈ ಹರುಕೊ ಕೈಯ ಮೇಲೇ ಇತ್ತು.

ಮತ್ತೆ ಸೀಬ್

ಚಿನ್ನದ ಬಣ್ಣದ ಆ ಫ್ರೇಮು ಗ್ರೇಸಿಯ ಹತ್ತಿರವೇ ಉಳಿಯಿತು. ಅದರಲ್ಲಿ ಈಗ ಶರ್ಲಿಯ ಫೋಟೋಗಳಿವೆ. ಚಿತ್ರ ಮತ್ತೆ ಕೊಳವೆಯೊಳಗೆ ಸೇರಿ ದೊಡ್ಡ ಲಗೇಜಿನ ಜೊತೆ ಹೋಯಿತು. ಭರಣಿಯನ್ನು ಮಾತ್ರ ಹರುಕೊ ಲಗೇಜಿಗೆ ಕೊಡಲಿಲ್ಲ. ದಾರಿಯುದ್ದಕ್ಕೂ ಕಾರಿನಲ್ಲಿ ಮಡಿಲಲ್ಲೇ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಸುನ್ ಹೀ, ಮುಚ್ಚಳ ಹಿಡಿ, ಚೆಲ್ಲುತ್ತದೆ ಎಂದು ಬೈಯುತ್ತಿದ್ದರು.

ಒಳಗೆ ಹೋಗುವ ಬಾಗಿಲಲ್ಲಿ ಅಧಿಕಾರಿ ಭರಣಿ ತೆಗೆಸಿದ. ಮೂಸಿ ಮುಖ ಹಿಂದಕ್ಕೆಳೆದುಕೊಂಡ. ನನಗೆ ನನ್ನ ಮಾವಿನಕಾಯಿ ನೆನಪಾಗಿ ನಗು ಬಂತು. ಆತ ಹರುಕೊ ಪಾಸ್‌ಪೋರ್ಟ್ ನೋಡಿ, ಭರಣಿ ನೋಡಿ, "ಜಪಾನಿನದೋ?" ಎಂದು ಕೇಳಿದ.

ಹರುಕೊ ಒಮ್ಮೆ ಹಿಂತಿರುಗಿ ಕಂಬಿಯ ಆಚೆ ನಿಂತಿದ್ದ ಸುನ್ ಹೀಯನ್ನು ನೋಡಿದರು. ನಮಗೆಲ್ಲ ಕೇಳಿಸುವಂತೆ, "ಅಲ್ಲ" ಎಂದರು. "ಪ್ಯೊಂಗ್ಯಾಂಗಿನದು."